ಭಾನುವಾರ ಗುಡಿಸಿದ ಮೂಲೆ ಬುಧವಾರಕ್ಕೆ ಮತ್ತೆ ತುಂಬಿದೆ, ಏನು ಮಾಡೋದು?

ಬೋರೆ ಹುಡುಗಿ:
ಎಲ್ಲರಿಗೂ ನಮಸ್ಕಾರ. ಊರು ಕಡೂರು ಹತ್ತಿರ, ಓದುತ್ತಿರುವುದು ಚಿಕ್ಕಮಗಳೂರಲ್ಲಿ, ಎರಡನೇ ಬಿಎಸ್ಸಿ. ನಿಜ ಹೇಳಬೇಕೆಂದರೆ ಎನ್‌ಎಸ್‌ಎಸ್‌ಗೆ ಸೇರಿದ್ದು ಸರ್ಟಿಫಿಕೇಟಿಗೆ. ಎರಡು ವರ್ಷಕ್ಕೆ 240 ಗಂಟೆ ಕೆಲಸ ಆಗಬೇಕು. ಈಗ ಗಂಟೆ ಲೆಕ್ಕ ಮರೆತು ಒಂದು ಮೂಲೆಯ ಹಿಂದೆ ಬಿದ್ದಿದ್ದೇನೆ.

ರತ್ನಗಿರಿ ಬೋರೆ ಕಡೆ ಹೋಗುವ ಅಡ್ಡರಸ್ತೆಯಲ್ಲಿ ಒಂದು ಟ್ರಾನ್ಸ್‌ಫಾರ್ಮರ್, ಅದರ ಬುಡದಲ್ಲಿ ಕಸದ ರಾಶಿ. ಭಾನುವಾರ ಹನ್ನೊಂದು ಜನ ಸೇರಿ ತೆಗೆದೆವು. 23 ಗೋಣಿಚೀಲ ತುಂಬಿತು. ನೀರು ಹಾಕಿ ತೊಳೆದು, ರಂಗೋಲಿ ಬಿಟ್ಟು, ಫೋಟೊನೂ ಆಯಿತು. ಬುಧವಾರ ಹೋದರೆ ರಂಗೋಲಿ ಮೇಲೇ ಕಪ್ಪು ಕವರ್, ಅದನ್ನು ಹರಿಯುತ್ತಿರುವ ನಾಯಿ! ಗೋಡೆ ಮೇಲೆ ದೇವರ ಚಿತ್ರ ಬರೆದರೆ ಯಾರೂ ಹಾಕಲ್ಲ ಅಂತಾಳೆ ಗೆಳತಿ. ಯಾರಾದರೂ ಮಾಡಿ ನೋಡಿದ್ದೀರಾ?

ಹಳೇ ಲೈನ್‌ಮನ್:
ಮೊದಲು ಬೈಗುಳ ತಗೊಳ್ಳಮ್ಮ. ಟ್ರಾನ್ಸ್‌ಫಾರ್ಮರ್ ಬುಡಕ್ಕೆ ನೀರು ಹಾಕಿದ್ರಾ? ಇನ್ನೊಂದು ಸಲ ಕರೆಂಟ್ ಕಂಪನಿ ಮೆಸ್ಕಾಂನವರಿಗೆ ಹೇಳದೆ ಬೇಲಿ ಹತ್ತಿರವೂ ಹೋಗಬೇಡಿ. ಕಬ್ಬಿಣದ ಸಲಿಕೆ ಹಿಡಿದು ಹೋಗುವುದಂತೂ ಬೇಡವೇ ಬೇಡ.

ದೇವರ ಚಿತ್ರದ ಮಾತು. ಪಾಪ, ದೇವರಿಗೆ ಯಾಕೆ ವಾಚ್‌ಮನ್ ಕೆಲಸ? ನಮ್ಮ ಬೀದಿಯಲ್ಲಿ ಬರೆಸಿದ್ದರು. ಜನ ನಾಲ್ಕು ಹೆಜ್ಜೆ ಆಚೆ ಹಾಕಿದರು, ಅಷ್ಟೇ. ಇನ್ನೊಬ್ಬರ ಗೋಡೆ ಮೇಲೆ ಕೇಳದೆ ಬರೆಯುವ ಹಾಗೂ ಇಲ್ಲ, ಅದಕ್ಕೆ 1981ರ ಕಾಯ್ದೆಯೇ ಇದೆ.

ಐಜಿ ರೋಡ್ ಅಂಗಡಿ:
ಗುಡಿಸುವುದು ಎರಡು ದಿನ ನಿಲ್ಲಿಸಿ. ಬೆಳಿಗ್ಗೆ ಆರರಿಂದ ಹತ್ತರವರೆಗೆ ಎದುರಿನ ಕಟ್ಟೆ ಮೇಲೆ ಸುಮ್ನೆ ಕೂತು ನೋಡಿ. ಯಾರಿಗೂ ಬೈಯಬೇಡಿ. ಯಾರು ಎಷ್ಟು ಹೊತ್ತಿಗೆ ಹಾಕುತ್ತಾರೆ, ಕಸದ ಆಟೋ ಎಷ್ಟಕ್ಕೆ ಬರುತ್ತದೆ, ಇಷ್ಟು ಬರೆದುಕೊಳ್ಳಿ ಸಾಕು. ಕೈಗವಸು ಹಾಕಿಕೊಂಡು ನಾಲ್ಕು ಕವರ್ ಬಿಚ್ಚಿ. ಬಿಲ್ಲು, ಕೊರಿಯರ್ ಚೀಟಿ ಸಿಗುತ್ತವೆ. ನನ್ನ ಅಂಗಡಿ ಮುಂದಿನ ರಾಶಿಯ ಮೂಲ ನನಗೆ ಸಿಕ್ಕಿದ್ದೇ ಹಾಗೆ. (ನನ್ನದೇ ಬಾಡಿಗೆದಾರ, ಬಿಡಿ.)

ಬೋರೆ ಹುಡುಗಿ:
ಗುರುವಾರ, ಶುಕ್ರವಾರ ಕೂತೆವು. ಹೇಳೋಕೆ ನಾಚಿಕೆ. ಆಟೋ ಬರುವುದು ಒಂಬತ್ತೂಕಾಲಿಗೆ. ಪಿಜಿಯಲ್ಲಿ (ಪೇಯಿಂಗ್ ಗೆಸ್ಟ್) ಇರುವ ನಾವು ಹುಡುಗಿಯರು ಎಂಟೂವರೆಗೆಲ್ಲ ಕಾಲೇಜಿಗೆ ಹೊರಡುತ್ತೇವೆ, ಕೈಯಲ್ಲಿ ಒಂದೊಂದು ಕವರ್. ಬಿಚ್ಚಿದ ಐದು ಕವರಲ್ಲಿ ಮೂರು ನಮ್ಮ ಪಿಜಿಯವೇ. ಒಂದರಲ್ಲಿ ನನ್ನ ರೂಮ್‌ಮೇಟ್ ಹೆಸರಿನ ಪಾರ್ಸೆಲ್ ಚೀಟಿ. ಅವಳೇ ಭಾನುವಾರ ರಂಗೋಲಿ ಬಿಟ್ಟವಳು!

ಹಳೇ ಲೈನ್‌ಮನ್:
ನಕ್ಕು ನಕ್ಕು ಕಾಫಿ ಚೆಲ್ಲಿಕೊಂಡೆ. ಪಿಜಿ ಆಂಟಿ ಏನಂದ್ರು?

ಬೋರೆ ಹುಡುಗಿ:
"ಆಟೋದವನು ನಮ್ಮ ಕಸ ತಗೊಳ್ಳಲ್ಲ" ಅಂದರು. ಆಟೋ ಅಣ್ಣನನ್ನೇ ಕೇಳಿದೆ. "ಅನ್ನ, ಪ್ಯಾಡು, ಬಾಟ್ಲಿ ಎಲ್ಲ ಒಂದೇ ಕವರಲ್ಲಿ ಕಟ್ಟಿ ಕೊಟ್ಟರೆ ಬಿಚ್ಚೋದು ಯಾರು?" ಅಂದರು. ನ್ಯಾಯ ಅಲ್ವಾ? ಘನತ್ಯಾಜ್ಯ ನಿಯಮದಲ್ಲೂ ಕಸ ಬೇರೆ ಮಾಡಿ ಕೊಡಬೇಕಾದವರು ನಾವೇ. ತಲೆಗಿಷ್ಟು ಅಂತ ಹಾಕಿ ಗೇಟಿನ ಒಳಗೆ ಹಸಿರು, ನೀಲಿ ಬಕೆಟ್ ಇಟ್ಟೆವು. ಪ್ಯಾಡನ್ನು ಪೇಪರಲ್ಲಿ ಸುತ್ತಿ ಬೇರೆ ಇಡುತ್ತೇವೆ. ಆಟೋ ಬಂದಾಗ ಆಂಟಿಯೇ ಕೊಡುತ್ತಾರೆ, ಗೊಣಗಿಕೊಂಡು.

ಇವತ್ತು ಮೂಲೆಯಲ್ಲಿ ಎರಡೇ ಕವರ್. ನಮ್ಮವಲ್ಲ, ಬಿಚ್ಚಿ ನೋಡಿದೆ.