ಎಲ್ಲರಿಗೂ ಸಿಗುವ ಬ್ಲ್ಯಾಕ್‌ಬೆರಿ ನನಗೇಕೆ ಸಿಗುತ್ತಿಲ್ಲ? ವೈನ್ ಸವಿಯಲು ಕಲಿಯುವುದು ಹೇಗೆ?

ಮುಸ್ಸಂಜೆ (ಪ್ರಶ್ನೆ)

ವೈನ್ ನನಗೆ ಇಷ್ಟ. ಏಕೆ ಇಷ್ಟ ಎಂದು ಕೇಳಿದರೆ ಮಾತ್ರ ಬಾಯಿ ಕಟ್ಟುತ್ತದೆ. ವಾರಾಂತ್ಯಕ್ಕೆ ಒಂದು ಲೋಟ, ನಾಲ್ಕು ಜನ ಸೇರಿದಾಗ ಇನ್ನೊಂದು. ನನಗೂ ವೈನಿಗೂ ಇರುವ ನಂಟು ಅಷ್ಟೇ. ನಮ್ಮ ಗುಂಪಿನಲ್ಲಿ ಒಬ್ಬರಿದ್ದಾರೆ. ಲೋಟ ತಿರುಗಿಸಿ, ಮೂಗನ್ನು ಒಳಗಿಳಿಸಿ, ಕಣ್ಣು ಮುಚ್ಚಿ "ಬ್ಲ್ಯಾಕ್‌ಬೆರಿ, ಚರ್ಮ, ಒದ್ದೆ ಮಣ್ಣು" ಎನ್ನುತ್ತಾರೆ. ಉಳಿದವರು ಹೌದು ಹೌದು ಎಂದು ತಲೆಯಾಡಿಸುತ್ತಾರೆ. ನನ್ನ ಮೂಗಿಗೆ ಬರುವುದು ವೈನಿನ ವಾಸನೆ, ಅಷ್ಟೇ. ಬ್ಲ್ಯಾಕ್‌ಬೆರಿ ಎಂಬ ಹಣ್ಣನ್ನು ನಾನು ಈ ಜನ್ಮದಲ್ಲಿ ತಿಂದಿಲ್ಲ ಎನ್ನುವುದು ಬೇರೆ ಮಾತು.

ನನ್ನ ಮೂಗು ಮೊಂಡೇ, ಅಥವಾ ಅವರು ಬಿಡುತ್ತಿರುವುದು ಬುರುಡೆಯೇ? ಪಂಡಿತನಾಗುವ ಆಸೆ ನನಗಿಲ್ಲ. ಅಂಗಡಿಯ ಕಪಾಟಿನ ಮುಂದೆ ನಿಂತು ಲೇಬಲ್ಲಿನ ಚಿತ್ರ ನೋಡಿ ಬಾಟಲಿ ಆರಿಸುವ ಪಾಡಿನಿಂದ ಪಾರಾದರೆ ಸಾಕು.

ಒಗರುಪ್ರಿಯ

ನಿಮ್ಮ ಮೂಗಿಗೆ ಏನೂ ಆಗಿಲ್ಲ. ಕೆಲವು ವರ್ಷ ಹೋಟೆಲೊಂದರಲ್ಲಿ ವೈನ್ ಬಡಿಸುವ ಕೆಲಸ ಮಾಡಿದ್ದೇನೆ. ಲೋಟ ತಿರುಗಿಸುವವರನ್ನು ಬೇಕಾದಷ್ಟು ನೋಡಿದ್ದೇನೆ. ಅವರಲ್ಲಿ ಬಲ್ಲವರೂ ಇರುತ್ತಾರೆ, ಬಾಟಲಿಯ ಹಿಂಬದಿಯ ಬರಹವನ್ನು ಮೊದಲೇ ಓದಿಕೊಂಡು ಕುಳಿತವರೂ ಇರುತ್ತಾರೆ.

ವಾಸನೆಯನ್ನು ಸದ್ಯಕ್ಕೆ ಬದಿಗಿಡಿ. ಬಾಯಿಯಿಂದ ಶುರು ಮಾಡಿ. ಒಂದು ಗುಟುಕನ್ನು ಬಾಯಿಯ ತುಂಬ ಆಡಿಸಿ ನುಂಗಿ, ಆಮೇಲೆ ಒಂದು ನಿಮಿಷ ಸುಮ್ಮನಿರಿ. ನಾಲಿಗೆಯ ಅಂಚಿನಲ್ಲಿ ನೀರೂರಿದರೆ ಅದು ಹುಳಿ. ಹೆಚ್ಚು ಹೊತ್ತು ಊರುತ್ತಿದ್ದರೆ ಹುಳಿ ಹೆಚ್ಚಿದೆ ಎಂದೇ ಲೆಕ್ಕ. ಒಸಡು, ಕೆನ್ನೆಯ ಒಳಭಾಗ ಒಣಗಿ ನಾಲಿಗೆ ಒರಟಾದಂತೆ ಅನ್ನಿಸಿದರೆ ಅದು ಟ್ಯಾನಿನ್ನಿನ ಒಗರು. ಬಹಳ ಹೊತ್ತು ಕುದಿಸಿದ ಹಾಲಿಲ್ಲದ ಚಹಾದಲ್ಲಿ ಬಾಯಿ ಹಿಡಿಯುವಂತೆಯೇ. ಇದು ಮುಖ್ಯವಾಗಿ ದ್ರಾಕ್ಷಿಯ ಸಿಪ್ಪೆ ಮತ್ತು ಬೀಜಗಳಿಂದ ಬರುತ್ತದೆ. ಕೆಂಪು ವೈನಿಗೆ ರಸವನ್ನು ಸಿಪ್ಪೆಯ ಸಮೇತ ಹುದುಗಲು ಬಿಡುತ್ತಾರೆ, ಬಿಳಿಗೆ ಸಾಮಾನ್ಯವಾಗಿ ಮೊದಲೇ ಹಿಂಡಿ ಸಿಪ್ಪೆ ತೆಗೆದುಬಿಡುತ್ತಾರೆ. ಕೆಂಪು ವೈನಿನ ಬಣ್ಣ ಮತ್ತು ಒಗರು ಜೊತೆಜೊತೆಯಾಗಿ ಬರುವುದು ಇದರಿಂದಲೇ. ಗಂಟಲಿನಲ್ಲಿ ಇಳಿಯುವ ಕಾವು ಮದ್ಯಸಾರದ್ದು. ಶೇ. 12ರ ಬಾಟಲಿಗೂ ಶೇ. 15ರ ಬಾಟಲಿಗೂ ಇರುವ ವ್ಯತ್ಯಾಸ ಅಲ್ಲಿ ಚೆನ್ನಾಗಿ ತಿಳಿಯುತ್ತದೆ.

ಸಿಹಿಯ ವಿಷಯದಲ್ಲಿ ಮಾತ್ರ ಹುಷಾರಾಗಿರಿ. ಮಾಗಿದ ಹಣ್ಣಿನ ಪರಿಮಳ ಬಂದ ಕೂಡಲೇ ಮಿದುಳು ಸಿಹಿ ಎಂದು ತೀರ್ಪು ಕೊಟ್ಟುಬಿಡುತ್ತದೆ, ಸಕ್ಕರೆ ಇಲ್ಲದಿದ್ದರೂ. ಅನುಮಾನ ಬಂದರೆ ಮೂಗು ಹಿಡಿದುಕೊಂಡು ಒಂದು ಗುಟುಕು ಕುಡಿಯಿರಿ. ಆಗಲೂ ಸಿಹಿಯಾಗಿದ್ದರೆ ಅದು ನಿಜವಾದ ಸಿಹಿ.

ಇನ್ನೊಂದು ಮಾತು, ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದದ್ದು: ಒಂದೇ ವೈನನ್ನು ಕುಡಿದು ಏನೂ ಕಲಿಯಲಾಗುವುದಿಲ್ಲ. ಎರಡು ಲೋಟ ಪಕ್ಕಪಕ್ಕದಲ್ಲಿ ಇರಬೇಕು. ಒಂದರಲ್ಲಿ ಪಿನೊ ನ್ವಾರ್, ಇನ್ನೊಂದರಲ್ಲಿ ಕ್ಯಾಬರ್ನೆ ಸೋವಿನ್ಯೊನ್ (ಎರಡೂ ದ್ರಾಕ್ಷಿ ತಳಿಯ ಹೆಸರು ಹೊತ್ತ ಕೆಂಪು ವೈನುಗಳು) ಸುರಿದು, ಎರಡನ್ನೂ ಅಚ್ಚಾದ ಹಾಳೆಯ ಮೇಲೆ ಓರೆಯಾಗಿ ಹಿಡಿಯಿರಿ. ಪಿನೊದ ಸಿಪ್ಪೆ ತೆಳು, ಬಣ್ಣ ಕಡಿಮೆ. ಅದರ ಮೂಲಕ ಅಕ್ಷರಗಳು ಕಾಣುತ್ತವೆ. ಕ್ಯಾಬರ್ನೆಯ ಹಣ್ಣು ಚಿಕ್ಕದು, ಸಿಪ್ಪೆ ದಪ್ಪ. ನಡುಭಾಗದಲ್ಲಿ ಅಕ್ಷರ ಮುಳುಗಿಹೋಗುತ್ತದೆ, ಅಂಚಿನಲ್ಲಿ ಮಾತ್ರ ಕಾಣುತ್ತದೆ. ಈಗ ಒಂದನ್ನು ಕುಡಿದು ಇನ್ನೊಂದನ್ನು ಕುಡಿಯಿರಿ. ಒಸಡಿನ ಮೇಲೆ ಆಗುವ ವ್ಯತ್ಯಾಸವನ್ನು ಯಾರೂ ನಿಮಗೆ ಹೇಳಿಕೊಡಬೇಕಾಗಿಲ್ಲ. ಮುಂದಿನ ಸಲ ಬಿಳಿಯಲ್ಲಿ ಇದೇ ಆಟ: ಸೋವಿನ್ಯೊನ್ ಬ್ಲಾಂ ಒಂದು, ಓಕ್ ಪೀಪಾಯಿಯಲ್ಲಿ ಇರಿಸಿದ ಶಾರ್ಡನೆ ಒಂದು.

ಲೋಟದ ಒಳಗೋಡೆಯಲ್ಲಿ ಇಳಿಯುವ ಹನಿಗೆರೆಗಳನ್ನು ತೋರಿಸಿ "ಆಹಾ, ಒಳ್ಳೆಯ ಮಾಲು" ಎನ್ನುವವರ ಮಾತನ್ನು ಕಿವಿಗೆ ಹಾಕಿಕೊಳ್ಳಬೇಡಿ. ಮದ್ಯಸಾರ ನೀರಿಗಿಂತ ಬೇಗ ಆವಿಯಾಗುವುದರಿಂದ ಮೂಡುವ ಗೆರೆಗಳು ಅವು. ಗುಣಮಟ್ಟಕ್ಕೂ ಅವಕ್ಕೂ ಸಂಬಂಧವಿಲ್ಲ.

ನೇರನುಡಿ

ಇಷ್ಟೆಲ್ಲ ಕಸರತ್ತು ಏಕೆ? ಇಷ್ಟವಾದರೆ ಕುಡಿಯಿರಿ, ಇಲ್ಲದಿದ್ದರೆ ಬಿಡಿ. ಫ್ರಾನ್ಸಿನ ಬೋರ್ಡೊದಲ್ಲಿ ವೈನ್ ಶಾಸ್ತ್ರ ಓದುತ್ತಿದ್ದ 54 ವಿದ್ಯಾರ್ಥಿಗಳಿಗೆ ಬಿಳಿ ವೈನಿಗೆ ವಾಸನೆಯಿಲ್ಲದ ಕೆಂಪು ಬಣ್ಣ ಬೆರೆಸಿ ಕೊಟ್ಟ ಪ್ರಯೋಗ 2001ರಲ್ಲಿ ಪ್ರಕಟವಾಗಿದೆ. ಅವರು ಅದನ್ನು ಕೆಂಪು ವೈನಿಗೆ ಬಳಸುವ ಮಾತುಗಳಲ್ಲಿಯೇ ವರ್ಣಿಸಿದರು. 1976ರಲ್ಲಿ ಪ್ಯಾರಿಸ್ಸಿನಲ್ಲಿ ಫ್ರಾನ್ಸಿನ ಘಟಾನುಘಟಿಗಳೇ ಹೆಸರು ನೋಡದೆ ರುಚಿ ನೋಡಿ, ಕೆಂಪು ಮತ್ತು ಬಿಳಿ ಎರಡರಲ್ಲಿಯೂ ಕ್ಯಾಲಿಫೋರ್ನಿಯದ ವೈನಿಗೆ ಮೊದಲ ಸ್ಥಾನ ಕೊಟ್ಟರು. ಬಲ್ಲವರ ಕಥೆಯೇ ಹೀಗಿರುವಾಗ ಬ್ಲ್ಯಾಕ್‌ಬೆರಿಗಾಗಿ ತಲೆ ಕೆಡಿಸಿಕೊಳ್ಳುವುದು ದಂಡ.

ಒಗರುಪ್ರಿಯ

ಪ್ರಯೋಗ ನಿಜ. ಆದರೆ ಅದರಿಂದ ಮೂಗು ಸುಳ್ಳು ಎಂದಾಗುವುದಿಲ್ಲ, ಕಣ್ಣು ಮೂಗಿನ ಲಗಾಮು ಹಿಡಿದಿರುತ್ತದೆ ಎಂದಾಗುತ್ತದೆ. ಪ್ಯಾರಿಸ್ಸಿನ ಪ್ರಸಂಗವಂತೂ ನನ್ನ ಪರವಾಗಿಯೇ ಇದೆ: ಹೆಸರು ಮುಚ್ಚಿದಾಗ ಅವರು ಲೋಟದಲ್ಲಿ ಇದ್ದುದಕ್ಕೆ ಅಂಕ ಕೊಟ್ಟರು. ಮುಸ್ಸಂಜೆಯವರೂ ಬಾಟಲಿಗಳಿಗೆ ಕಾಗದ ಸುತ್ತಿ, ಬೇರೆಯವರ ಕೈಯಲ್ಲಿ ಸುರಿಸಿಕೊಂಡು ಕುಡಿಯಲಿ. ಆ ಸ್ನೇಹಿತರಿಗೂ ಹಾಗೆಯೇ ಕೊಡಲಿ. ಬಲ್ಲವರಾದರೆ ಬೇಸರಪಡುವುದಿಲ್ಲ.

ಇನ್ನು ವಾಸನೆಗಳ ಹಿಂದೆ ರಸಾಯನಶಾಸ್ತ್ರವೂ ಇದೆ. ಶಿರಾಜ್ ವೈನಿನಲ್ಲಿ ಬರುವ ಕಾಳುಮೆಣಸಿನ ವಾಸನೆಗೆ ರೊಟಂಡೋನ್ ಎಂಬ ಅಂಶ ಕಾರಣವೆಂದು ಆಸ್ಟ್ರೇಲಿಯದ ಸಂಶೋಧಕರು 2008ರಲ್ಲಿ ಪ್ರಕಟಿಸಿದರು. ಕಾಳುಮೆಣಸಿನಲ್ಲಿ ಇರುವುದೂ ಅದೇ ಅಂಶ. ಅವರು ಪರೀಕ್ಷಿಸಿದವರಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ಅದು ಎಷ್ಟು ಹಾಕಿದರೂ ಗೊತ್ತಾಗಲಿಲ್ಲ. ಒಂದೇ ಮೇಜಿನಲ್ಲಿ ಒಬ್ಬರಿಗೆ ಮೆಣಸು ಸಿಕ್ಕಿ ಇನ್ನೊಬ್ಬರಿಗೆ ಸಿಗದಿರುವುದಕ್ಕೆ ಹೀಗೆ ಹುಟ್ಟಿನಿಂದಲೇ ಬಂದ ಕಾರಣವೂ ಇರಬಹುದು. ಕೆಲವು ಶಾರ್ಡನೆಗಳಲ್ಲಿ ಬರುವ ಬೆಣ್ಣೆಯ ವಾಸನೆ ಡಯಾಸಿಟೈಲ್‌ನದು. ಚೂಪಾದ ಮ್ಯಾಲಿಕ್ ಆಮ್ಲವನ್ನು ಬ್ಯಾಕ್ಟೀರಿಯಾ ಮೃದುವಾದ ಲ್ಯಾಕ್ಟಿಕ್ ಆಮ್ಲವಾಗಿಸುವಾಗ ಹುಟ್ಟುವಂಥದ್ದು. ಇವನ್ನು ಯಾರೂ ಕಲ್ಪಿಸಿಕೊಂಡದ್ದಲ್ಲ. ಬ್ಲ್ಯಾಕ್‌ಬೆರಿ ತಿಂದೇ ಇಲ್ಲದವರು ಬ್ಲ್ಯಾಕ್‌ಬೆರಿ ಎನ್ನಬೇಕಾಗಿಯೂ ಇಲ್ಲ. ನಿಮ್ಮ ನೆನಪಿನಲ್ಲಿ ಇರುವ ಹಣ್ಣಿನ ಹೆಸರು ಹೇಳಿ.

ಮುಸ್ಸಂಜೆ

ಮೂಗು ಹಿಡಿದುಕೊಂಡು ಕುಡಿದು ನೋಡಿದೆ. ಇಷ್ಟು ದಿನ ಸಿಹಿ ಎಂದುಕೊಂಡಿದ್ದ ಬಿಳಿ ವೈನ್ ಬರೀ ಹುಳಿ! ಸ್ನೇಹಿತರಿಗೆ ಹೇಳಿದರೆ ನಗುತ್ತಾರೆ, ಹೇಳುವುದಿಲ್ಲ. ಒಂದು ಸಂಶಯ: ಅದೇ ಬಾಟಲಿಯ ಶಾರ್ಡನೆ ಮೊದಲು ನೀರಿನಂತೆ ಸಪ್ಪೆಯಾಗಿತ್ತು, ಊಟ ಮುಗಿಯುವ ಹೊತ್ತಿಗೆ ಚೆನ್ನಾಗಿತ್ತು. ಏಕೆ? ಮತ್ತೆ ಲೇಬಲ್ ಓದುವ ಬಗ್ಗೆ ಯಾರೂ ಹೇಳಲಿಲ್ಲ.

ಅಟ್ಟದಮನೆ

ಸಪ್ಪೆಯಾಗಿದ್ದುದು ಫ್ರಿಜ್ಜಿನ ಚಳಿಗೆ. ತೀರಾ ತಣ್ಣಗಿದ್ದರೆ ವಾಸನೆಯ ಅಂಶಗಳು ಮೇಲೇಳುವುದಿಲ್ಲ. ಬಿಳಿಗೆ 8ರಿಂದ 12 ಡಿಗ್ರಿ ಸಾಕು. ನಿಮ್ಮ ಶಾರ್ಡನೆಯಂತಹ ಮೈತುಂಬಿದ ವೈನ್ ಆ ಮೇಲಿನ ಅಂಕಿಯ ಹತ್ತಿರವೇ ಇರಲಿ. ಕೆಂಪಿನಲ್ಲಿ ತಪ್ಪು ತಿರುಗುಮುರುಗಾಗುತ್ತದೆ: ಬೆಚ್ಚಗಿನ ಕೋಣೆಯಲ್ಲಿ ಇಟ್ಟು ಹಾಗೆಯೇ ಸುರಿದರೆ ಮದ್ಯಸಾರದ ಘಾಟು ಮುಂದೆ ಬಂದು ಹಣ್ಣಿನ ಪರಿಮಳ ಹಿಂದೆ ಸರಿಯುತ್ತದೆ. ಕುಡಿಯುವ ಮೊದಲು ಇಪ್ಪತ್ತು ನಿಮಿಷ ಫ್ರಿಜ್ಜಿನಲ್ಲಿಡಿ, 15–18 ಡಿಗ್ರಿಯ ಆಸುಪಾಸಿಗೆ ಇಳಿಯಲಿ.

ಲೇಬಲ್: ಆಸ್ಟ್ರೇಲಿಯ, ಚಿಲಿ, ಅಮೆರಿಕದವರು ಹೆಚ್ಚಾಗಿ ದ್ರಾಕ್ಷಿಯ ಹೆಸರು ಬರೆಯುತ್ತಾರೆ. ಯುರೋಪಿನವರು ಅನೇಕ ಕಡೆ ಊರಿನ ಹೆಸರು ಬರೆದು ಉಳಿದದ್ದನ್ನು ನಿಮ್ಮ ತಲೆಗೆ ಬಿಡುತ್ತಾರೆ. ಶಾಬ್ಲಿ ಎಂದಿದ್ದರೆ ಒಳಗಿರುವ ದ್ರಾಕ್ಷಿ ಶಾರ್ಡನೆ. ಬಿಳಿ ಸಾನ್ಸೆರ್ ಎಂದರೆ ಸೋವಿನ್ಯೊನ್ ಬ್ಲಾಂ. ಕೆಂಪು ಬರ್ಗಂಡಿ ಬಹುತೇಕ ಪಿನೊ ನ್ವಾರ್. ಬರೋಲೊ ಎಂದರೆ ನೆಬ್ಬಿಯೋಲೊ. ಕಿಯಾಂತಿಯಲ್ಲಿ ಮುಖ್ಯವಾಗಿ ಸಾಂಜೊವೇಸೆ. ಕೆಂಪು ರಿಯೋಹಾದಲ್ಲಿ ಟೆಂಪ್ರಾನಿಯೊ. ಇಷ್ಟು ಬಾಯಿಪಾಠವಾದರೆ ಕಪಾಟಿನ ಅರ್ಧ ಭಾಗ ಮಾತನಾಡುತ್ತದೆ. ಭಾರವಾದ ಬಾಟಲಿ, ತಳದ ಆಳವಾದ ಗುಳಿ, ಬಂಗಾರದ ಪದಕದ ಚೀಟಿ, ಇವಕ್ಕೆಲ್ಲ ಮರುಳಾಗಬೇಡಿ.

ಬಾಟಲಿ ತೆರೆದಾಗ ಒದ್ದೆ ರಟ್ಟಿನ, ಮುಗ್ಗಿದ ವಾಸನೆ ಬಂದು ಹಣ್ಣಿನ ಸುಳಿವೇ ಇಲ್ಲದಿದ್ದರೆ ಅದು ಬಹುಪಾಲು ಬಿರಡೆಯ ದೋಷ. ಅದನ್ನೂ "ಮಣ್ಣಿನ ಪರಿಮಳ" ಎಂದು ಹೊಗಳಿ ಕುಡಿಯುವವರಿದ್ದಾರೆ, ನೀವು ವಾಪಸು ಕೊಡಿ.

ಮುಸ್ಸಂಜೆ

ಎರಡು ಬಾಟಲಿ ತೆರೆದರೆ ಉಳಿದದ್ದನ್ನು ಏನು ಮಾಡಲಿ? ಒಂದೇ ರಾತ್ರಿ ಮುಗಿಸುವಷ್ಟು ನಾನು ಕುಡಿಯುವುದಿಲ್ಲ.

ಒಗರುಪ್ರಿಯ

ಮುಗಿಸಲೂ ಬೇಡಿ. ಸಣ್ಣ ಬಾಟಲಿಗೆ ಕಂಠದವರೆಗೆ ತುಂಬಿಸಿ ಮುಚ್ಚಿ ಫ್ರಿಜ್ಜಿನಲ್ಲಿಡಿ, ಕೆಂಪನ್ನೂ ಸಹ. ವೈನನ್ನು ಕೆಡಿಸುವುದು ಗಾಳಿ. ಮೂರು ದಿನ ಧಾರಾಳವಾಗಿ ಇರುತ್ತದೆ. ದಿನಕ್ಕೊಂದು ಗುಟುಕು ರುಚಿ ನೋಡುತ್ತಾ ಬನ್ನಿ, ಯಾವುದು ಮೊದಲು ಸೋಲುತ್ತದೆ ಎಂಬುದನ್ನು ಇಲ್ಲಿಯೇ ಬರೆಯಿರಿ. ನನ್ನ ಪಂದ್ಯ ಪಿನೊ ಮೇಲೆ.