ಹತ್ತು ಗಂಟೆ ಕತ್ತಲೆ, ತಾರಸಿಯ ಮೇಲೆ ಸೋಲಾರ್: ನಮ್ಮ ಬಡಾವಣೆಯ ಗುಂಪಿನ ಚರ್ಚೆ

12ನೇ ಮನೆ: ನಿನ್ನೆ ಸಂಜೆ ಏಳಕ್ಕೆ ಗಾಳಿಮಳೆಯೊಂದಿಗೆ ಹೋದ ಕರೆಂಟು ಬೆಳಗಿನ ಐದರವರೆಗೂ ಬರಲಿಲ್ಲ. ದಮ್ಮಿನ ಕಾಯಿಲೆಯಿರುವ ನಮ್ಮ ಅತ್ತೆಗೆ ನೆಬ್ಯುಲೈಸರ್ ಹಾಕಿಸಲು ನಡುರಾತ್ರಿ ಆಸ್ಪತ್ರೆಗೆ ಓಡಬೇಕಾಯಿತು. ಸೋಲಾರ್ ಹಾಕಿಸಿಕೊಂಡ ನಾಲ್ಕು ಮನೆಗಳೂ ಕತ್ತಲೆಯಲ್ಲೇ ಇದ್ದವು. ಹಾಗಾದರೆ ಆ ಫಲಕಗಳು ಯಾವ ಉಪಯೋಗಕ್ಕೆ? ಅದೇ ಮೂಲೆ, ಅದೇ ಟ್ರಾನ್ಸ್‌ಫಾರ್ಮರ್; ಈ ಸಲ ನಾನು ಸುಮ್ಮನಿರುವುದಿಲ್ಲ.

ಮಾಜಿ ಅಧ್ಯಕ್ಷರು: ಆ ಟ್ರಾನ್ಸ್‌ಫಾರ್ಮರಿನ ವಿಷಯವನ್ನು ನನ್ನ ಅವಧಿಯಲ್ಲೇ ಎತ್ತಿದ್ದೆ. ಅಂದು ಮನವಿಗೆ ಸಹಿ ಹಾಕದವರೇ ಇಂದು ಕೋಣೆಗೊಂದು ಎಸಿ ಇಟ್ಟುಕೊಂಡು, ರಾತ್ರಿಯಿಡೀ ಕಾರು ಚಾರ್ಜ್ ಮಾಡುತ್ತಿದ್ದಾರೆ. ಹೊರೆ ಹೆಚ್ಚಿಸಿದವರು ಮೊದಲು ಉತ್ತರ ಕೊಡಲಿ.

8ನೇ ಮನೆ: ಮಾಸ್ಟ್ರೇ, ಕಾರು ಇರುವುದು ನಮ್ಮ ಮನೆಯಲ್ಲಿ ಮಾತ್ರ ಎಂಬುದು ಎಲ್ಲರಿಗೂ ಗೊತ್ತು, ಹೆಸರು ಹಿಡಿದೇ ಹೇಳಬಹುದಿತ್ತು. ನಿನ್ನೆ ತಂತಿ ಕಡಿದದ್ದು ಹಲಸಿನ ಕೊಂಬೆ ಬಿದ್ದು, ನಮ್ಮ ಕಾರಿನಿಂದಲ್ಲ.

5ನೇ ಮನೆ: ಅಕ್ಕ, ನಿಮ್ಮ ಪ್ರಶ್ನೆಗೆ ಉತ್ತರಿಸುತ್ತೇನೆ. ನಮ್ಮ ಮನೆಯದು ಗ್ರಿಡ್‌ಗೆ, ಎಂದರೆ ಊರಿನ ಕರೆಂಟಿನ ಲೈನಿಗೆ, ಜೋಡಿಸಿದ ವ್ಯವಸ್ಥೆ. ಲೈನಿನಲ್ಲಿ ಕರೆಂಟು ಹೋದ ಕ್ಷಣವೇ ಅದರ ಇನ್ವರ್ಟರ್ ತಾನಾಗಿ ನಿಲ್ಲುತ್ತದೆ. ಇಲ್ಲದಿದ್ದರೆ ಫಲಕದ ಕರೆಂಟು ಲೈನಿಗೆ ಹರಿದು, ತಂತಿ ಸರಿಪಡಿಸುವ ಲೈನ್‌ಮ್ಯಾನ್‌ನ ಜೀವಕ್ಕೆ ಅಪಾಯ. ಹಗಲಿನಲ್ಲಿ ಒಂದು ಕಿಲೋವ್ಯಾಟ್ ಫಲಕ ಸರಾಸರಿ ನಾಲ್ಕು ಯುನಿಟ್ ಕೊಟ್ಟರೂ, ಸಂಜೆ ಎಲ್ಲರ ಬಳಕೆ ಏರುವ ಹೊತ್ತಿಗೆ ಅದರಿಂದ ಏನೂ ಸಿಗದು. ರಾತ್ರಿಗೆ ಬೆಳಕು ಬೇಕಾದರೆ, ಲೈನ್ ಹೋದಾಗಲೂ ಬ್ಯಾಟರಿಯಿಂದ ಮನೆಗೆ ಕರೆಂಟು ಕೊಡುವ ಹೈಬ್ರಿಡ್ ಇನ್ವರ್ಟರ್ ಮತ್ತು ಬ್ಯಾಟರಿ ಬೇಕು. ಮೂರು ಫ್ಯಾನು, ನಾಲ್ಕು ದೀಪ ಎಂಟು ಗಂಟೆ ನಡೆಯಲು ಎರಡು ಯುನಿಟ್‌ಗಿಂತ ಸ್ವಲ್ಪ ಹೆಚ್ಚು ಸಾಕು. ನೆಬ್ಯುಲೈಸರಿಗೆ ಬೇಕಾಗುವುದು ಅತ್ಯಲ್ಪ.

3ನೇ ಮನೆ: ಫಾರ್ವರ್ಡ್ ಆಗಿ ಬಂದದ್ದು: ‘ಈ ಕೊಂಡಿ ಒತ್ತಿದ ಮೊದಲ ನೂರು ಮನೆಗಳಿಗೆ ಸೋಲಾರ್ ಪೂರ್ತಿ ಉಚಿತ.’

ಕಾರ್ಯದರ್ಶಿ: ದಯವಿಟ್ಟು ಯಾರೂ ಅದನ್ನು ಒತ್ತಬೇಡಿ. 2024ರ ಫೆಬ್ರವರಿಯಲ್ಲಿ ಆರಂಭವಾದ ಕೇಂದ್ರದ ಸೂರ್ಯಘರ್ ಯೋಜನೆಯಲ್ಲಿ ಮೂರು ಕಿಲೋವ್ಯಾಟ್‌ಗೆ 78,000 ರೂಪಾಯಿ ಸಹಾಯಧನವಿದೆ, ಉಳಿದದ್ದು ಮನೆಯವರದೇ.

9ನೇ ಮನೆ: ಮೇಣದ ಬತ್ತಿಗೂ ಸಹಾಯಧನ ಉಂಟೋ?

12ನೇ ಮನೆ: ಅತ್ತೆ ಈಗಷ್ಟೇ ಮನೆಗೆ ಬಂದಿದ್ದಾರೆ. ಇದು ತಮಾಷೆಯ ಹೊತ್ತಲ್ಲ.

5ನೇ ಮನೆ: ಅದೇ ಯೋಜನೆಯಲ್ಲಿ ನಿವಾಸಿಗಳ ಸಂಘಗಳ ಸಾಮಾನ್ಯ ಸೌಲಭ್ಯಗಳಿಗೆ ಕಿಲೋವ್ಯಾಟ್‌ಗೆ 18,000 ರೂಪಾಯಿ ಸಿಗುತ್ತದೆ. ಸಂಘದ ಕಟ್ಟಡದ ತಾರಸಿಯಲ್ಲಿ ಐದು ಕಿಲೋವ್ಯಾಟ್ ಹಾಕಿಸಿ, ನಾವೇ ವಂತಿಗೆ ಸೇರಿಸಿ ಬ್ಯಾಟರಿ ಕೊಂಡರೆ, ಇಂಥ ರಾತ್ರಿ ಕಾಯಿಲೆಯವರನ್ನು ಅಲ್ಲಿಗೆ ಕರೆತರಬಹುದು. ಜಿಟಿಜಿಟಿ ಮಳೆಯ ದಿನಗಳಲ್ಲಿ ಉತ್ಪಾದನೆ ಬಹಳ ಇಳಿಯುತ್ತದೆ, ನಿಜ. ಆದರೆ ಕರೆಂಟು ಇರುವಾಗ ಲೈನಿನಿಂದಲೇ ಬ್ಯಾಟರಿ ತುಂಬಿಸಿ ಇಡಬಹುದು.

ಮಾಜಿ ಅಧ್ಯಕ್ಷರು: ನಮ್ಮ ಕಾಸರಗೋಡು ಜಿಲ್ಲೆಯ ಅಂಬಲತ್ತರದಲ್ಲೇ 50 ಮೆಗಾವ್ಯಾಟಿನ ಸೋಲಾರ್ ಪಾರ್ಕ್ ಇದ್ದೂ ನಮಗೆ ಕತ್ತಲೆ ತಪ್ಪಲಿಲ್ಲ. ಇನ್ನು ಐದು ಕಿಲೋವ್ಯಾಟಿನಿಂದ ಏನಾದೀತು? ಬ್ಯಾಟರಿ ಕೆಟ್ಟರೆ ಖರ್ಚು ಯಾರದು? ಸಂಘದ ಲೆಕ್ಕಪತ್ರವನ್ನು ಇನ್ನೂ ಯಾರೂ ನನಗೆ ತೋರಿಸಿಲ್ಲ.

5ನೇ ಮನೆ: ಪಾರ್ಕಿನ ಕರೆಂಟೂ ನಮ್ಮಲ್ಲಿಗೆ ಬರಬೇಕಾದದ್ದು ಇದೇ ತಂತಿಯಲ್ಲಿ, ಮಾಸ್ಟ್ರೇ. ತಂತಿ ಕಡಿದಾಗಲೂ ಉರಿಯುವ ದೀಪ ಬೇಕೆಂದೇ ನಾನು ಬ್ಯಾಟರಿಯ ಮಾತೆತ್ತಿದ್ದು.

ಕಾರ್ಯದರ್ಶಿ: ಲೆಕ್ಕಪತ್ರವನ್ನು ಮಹಾಸಭೆಯಲ್ಲಿ ಮಂಡಿಸುತ್ತೇವೆ, ಸೋಲಾರಿನ ವಿಷಯವನ್ನೂ ಅಲ್ಲಿಗೇ ಇಡೋಣ. ಮಳೆಗಾಲಕ್ಕೆ ಮೊದಲು ಆಗಬೇಕಾದದ್ದು ಹಲಸಿನ ಕೊಂಬೆ ಕಡಿಯುವ ಕೆಲಸ.

7ನೇ ಮನೆ: ಕಾಯಿ ತುಂಬಿದ ಮರ ಅದು. ಹಣ್ಣಾಗುವ ತನಕ ಕೊಡಲಿ ಹಾಕಲು ನಾನು ಬಿಡುವುದಿಲ್ಲ.

8ನೇ ಮನೆ: ಕಾಯಿ ಇಳಿಸಿಯೇ ಕಡಿಸೋಣ, ಮಾವ. ಲೈನ್ ಆಫ್ ಮಾಡಿಸಲು ನಾಳೆ ನಾನೇ ಅರ್ಜಿ ಕೊಡುತ್ತೇನೆ.

12ನೇ ಮನೆ: ಕೊಂಬೆ ಕಡಿಸಿ, ಬೇಡವೆನ್ನುವುದಿಲ್ಲ. ಆದರೆ ಮಹಾಸಭೆ ಮಳೆಗಾಲ ಮುಗಿದ ಮೇಲೆ. ಅಷ್ಟರವರೆಗೆ ಅತ್ತೆಯನ್ನು ರಾತ್ರಿ ಎಲ್ಲಿಗೆ ಕರೆದೊಯ್ಯಲಿ?

ಮಾಜಿ ಅಧ್ಯಕ್ಷರು: ಮರ ಹತ್ತುವವನ ಕೂಲಿ ಸಂಘದ ನಿಧಿಯಿಂದಲೋ, ಮರದ ಯಜಮಾನರಿಂದಲೋ? ಇದು ಮೊದಲು ಇತ್ಯರ್ಥವಾಗಲಿ.