ಕೋರ್ಟಿನ ಸರದಿ ಬದಲಾದರೆ ದುಡ್ಡು ಉಳಿಯುತ್ತದಾ?

ಲೆಕ್ಕದ ಪುಸ್ತಕ:
ನಾನು ಆಡಿಟ್ ಕೆಲಸದವನು, ಕಾನೂನು ಓದಿದವನಲ್ಲ. ಒಂದು ವಾರದಿಂದ ಒಂದು ಲೆಕ್ಕ ತಲೆ ತಿನ್ನುತ್ತಿದೆ.

ಅಮೆರಿಕದ ಕಾನ್ಸಾಸ್ ರಾಜ್ಯದಲ್ಲಿ ಟೊಪೀಕಾ ಅಂತ ಒಂದು ನಗರ. 2011ರಲ್ಲಿ ಅಲ್ಲಿನ ಕೌಂಟಿ (ನಮ್ಮ ಜಿಲ್ಲೆಯ ಹಾಗೆ) ತನ್ನ ಪ್ರಾಸಿಕ್ಯೂಟರ್, ಅಂದರೆ ಸರ್ಕಾರದ ಪರ ಕೇಸು ನಡೆಸುವ ವಕೀಲರ ಕಚೇರಿಯ ಬಜೆಟ್ಟಿನಲ್ಲಿ ಶೇ. 10ರಷ್ಟು ಕಡಿತ ಮಾಡಿತು. ಹಾಗಾದರೆ ನಗರದೊಳಗಿನ ಸಣ್ಣ ಅಪರಾಧಗಳ ಕೇಸು ನಾವು ನಡೆಸಲ್ಲ, ನಗರದವರೇ ನೋಡಿಕೊಳ್ಳಲಿ ಎಂದರು ಪ್ರಾಸಿಕ್ಯೂಟರ್. ಆ 'ಸಣ್ಣ' ಪಟ್ಟಿಯಲ್ಲಿ ಹೆಂಡತಿಗೆ ಹೊಡೆದ ಕೇಸುಗಳೂ ಇದ್ದವು. ನಗರದವರಿಗೂ ಆ ಖರ್ಚು ಬೇಡ. ಅಕ್ಟೋಬರಿನಲ್ಲಿ 7–3 ಮತದಿಂದ, ಮನೆಯೊಳಗಿನ ಹಲ್ಲೆಯ ಬಗ್ಗೆ ಇದ್ದ ತಮ್ಮ ನಗರ ನಿಯಮವನ್ನೇ ರದ್ದು ಮಾಡಿದರು. ನಿಯಮವೇ ಇಲ್ಲದ ಮೇಲೆ ಕೇಸು ನಡೆಸುವುದೆಲ್ಲಿ ಬಂತು, ಅಲ್ವಾ? ರಾಜ್ಯದ ಕಾನೂನು ಹಾಗೇ ಇತ್ತು. ಹಾಗಾಗಿ ಕೇಸುಗಳು ತಿರುಗಿ ಕೌಂಟಿ ಪ್ರಾಸಿಕ್ಯೂಟರ್ ತಲೆಗೇ ಬಂದವು.

ಯಾವ ಕೇಸು ಮೊದಲು, ಯಾವುದು ಆಮೇಲೆ ಎಂದು ಬದಲಿಸಿದರೆ ನಿಜಕ್ಕೂ ದುಡ್ಡು ಉಳಿಯುತ್ತದಾ? ಅಥವಾ ಸುಮ್ನೆ ಬೇರೆ ಖಾತೆಗೆ ಜಾರುತ್ತದಾ?

ಹಳೇ ಬೆಂಚ್ ಕ್ಲರ್ಕ್:
ಜಾರುತ್ತದೆ ಸರ್. 20 ವರ್ಷ ಅದೇ ಕುರ್ಚಿಯಲ್ಲಿ ಕೂತು ನೋಡಿದ್ದೇನೆ.

ಕಡತಗಳ ಸರದಿ ಬದಲಿಸಿದರೆ ಜಡ್ಜ್ ಸಂಬಳ ಇಳಿಯಲ್ಲ. ಕಟ್ಟಡ, ಕರೆಂಟು, ಟೈಪಿಸ್ಟ್ ಎಲ್ಲ ಅಷ್ಟೇ. ಏರಿಳಿಯುವುದು ಸಾಕ್ಷಿ ಬತ್ತೆ, ಸಮನ್ಸ್ ಜಾರಿ, ಕೈದಿಯನ್ನು ತರುವ ವ್ಯಾನು, ಇಂಥವು. ಇನ್ನೊಂದು ವಿಷಯ. ಹಿಂದಕ್ಕೆ ಹಾಕಿದ ಕೇಸು ಮಲಗಿರುವುದಿಲ್ಲ. ಪ್ರತಿ ವಾಯಿದೆಗೂ ಕಡತ ಹೊರಗೆ ಬರಬೇಕು, ಹೆಸರು ಕೂಗಬೇಕು, ಮುಂದಿನ ದಿನಾಂಕ ಬರೆಯಬೇಕು.

ಒಂದು ವರ್ಷ ಹಳೇ ಸಿವಿಲ್ ಕೇಸುಗಳನ್ನೇ ಮೊದಲು ಮುಗಿಸಿ ಎಂದು ಆದೇಶ ಬಂತು. ಸಣ್ಣ ಕ್ರಿಮಿನಲ್ ಕೇಸುಗಳು ಹಿಂದೆ ಸರಿದವು. ಜಾಮೀನು ಕೊಡುವವರಿಲ್ಲದೆ ಒಳಗೇ ಇದ್ದವನೊಬ್ಬನಿದ್ದ. ಕದ್ದದ್ದು ಒಂದು ನೀರಿನ ಮೋಟಾರು. ಐದು ತಿಂಗಳಲ್ಲಿ ಒಂಬತ್ತು ಸಲ ಅವನನ್ನು ವ್ಯಾನಿನಲ್ಲಿ ತಂದರು, ಪ್ರತಿ ಸಲ ಇಬ್ಬರು ಪೊಲೀಸರು. ಒಂಬತ್ತೂ ಸಲ ಮುಂದಿನ ದಿನಾಂಕ ಬರೆದವನು ನಾನೇ. ಆ ವರ್ಷ ನಮ್ಮ ಕೋರ್ಟಿನ ವರದಿಯಲ್ಲಿ ವಿಲೇವಾರಿ ಜಾಸ್ತಿ, ಎಲ್ಲರಿಗೂ ಖುಷಿ. ವ್ಯಾನಿನ ಡೀಸೆಲ್ ಪೊಲೀಸರ ಖಾತೆ. ಅವನ ಊಟ ಜೈಲಿನ ಖಾತೆ. ಎರಡನ್ನೂ ಕೂಡಿಸಿ ನೋಡಿದವರನ್ನು ನಾನು ಕಾಣೆ.

ಕಪ್ಪು ಕೋಟು:
ಕ್ಲರ್ಕ್ ಸರ್ ಹೇಳಿದ್ದು ಹೊಸ ದುಡ್ಡಿಲ್ಲದೆ ಸರದಿ ಬದಲಿಸಿದ ಕಥೆ. ದುಡ್ಡು ಕೊಟ್ಟು ಬದಲಿಸಿದ್ದೂ ಇದೆ. ಭಾರತದಲ್ಲಿ 2019ರಲ್ಲಿ ಅತ್ಯಾಚಾರ ಮತ್ತು ಪೋಕ್ಸೊ (ಮಕ್ಕಳ ಮೇಲಿನ ಲೈಂಗಿಕ ಅಪರಾಧದ ಕಾಯ್ದೆ) ಕೇಸುಗಳಿಗೆ 1,023 ತ್ವರಿತ ವಿಶೇಷ ಕೋರ್ಟುಗಳ ಯೋಜನೆ ಬಂತು. ಕೋರ್ಟಿಗೆ ವರ್ಷಕ್ಕೆ 75 ಲಕ್ಷ ರೂಪಾಯಿ, ಒಬ್ಬರು ಜಡ್ಜ್, ಏಳು ಸಿಬ್ಬಂದಿ. ವರ್ಷಕ್ಕೆ ಕನಿಷ್ಠ 165 ಕೇಸು ಮುಗಿಸುವ ಗುರಿ. ಆದರೆ ಡಿಎನ್‌ಎ ವರದಿ ಬರಬೇಕಾದದ್ದು ಲ್ಯಾಬಿನಿಂದ. ಕೋರ್ಟು ಎಷ್ಟೇ ಬೇಗ ಓಡಿದರೂ ಲ್ಯಾಬಿನ ಬಾಗಿಲಲ್ಲಿ ಕಾಯಲೇಬೇಕು.

ಇಂಥ ದುಡ್ಡು ಶಾಶ್ವತವೂ ಅಲ್ಲ. 2000ದಲ್ಲಿ 11ನೇ ಹಣಕಾಸು ಆಯೋಗದ ಶಿಫಾರಸಿನ ಮೇಲೆ 1,734 ತ್ವರಿತ ಕೋರ್ಟುಗಳಿಗೆ 502.90 ಕೋಟಿ ಕೊಟ್ಟರು. 2011ರ ಮಾರ್ಚ್ 31ಕ್ಕೆ ಕೇಂದ್ರದ ನೆರವು ನಿಂತಿತು. ಕೇಸುಗಳು ನಿಲ್ಲುತ್ತವಾ? ಕೆಲವು ರಾಜ್ಯಗಳು ಸ್ವಂತ ಖರ್ಚಿನಲ್ಲಿ ನಡೆಸಿದವು, ಕೆಲವು ಮುಚ್ಚಿದವು.

ಚೌಕಾಸಿ:
ನೀವೆಲ್ಲ ಖರ್ಚಿನ ಕಡೆಯೇ ನೋಡುತ್ತಿದ್ದೀರಿ. ಕೆಲವು ಕೇಸು ದುಡ್ಡು ತರುತ್ತವೆ! ಮಿಸೌರಿಯ ಫರ್ಗುಸನ್ ನಗರದ 2015ರ ಬಜೆಟ್ಟಿನಲ್ಲಿ ಸಾಮಾನ್ಯ ನಿಧಿಗೆ ಬರಬೇಕಿದ್ದದ್ದು 1.326 ಕೋಟಿ ಡಾಲರ್. ಅದರಲ್ಲಿ 30.9 ಲಕ್ಷ ದಂಡ ಮತ್ತು ಶುಲ್ಕದಿಂದ. ಕೋರ್ಟನ್ನು ವಸೂಲಿ ಅಂಗಡಿ ಮಾಡಿಕೊಂಡಿದ್ದಾರೆ ಎನ್ನುವ ಅರ್ಥದಲ್ಲೇ ಅಮೆರಿಕದ ನ್ಯಾಯ ಇಲಾಖೆ ಆ ವರ್ಷ ಮಾರ್ಚಿನಲ್ಲಿ ವರದಿ ಕೊಟ್ಟಿತು. ಅಂಥ ಕಡೆ ಹೋಗಿ ಟ್ರಾಫಿಕ್ ಕೇಸು ಪಕ್ಕಕ್ಕಿಟ್ಟು ದೊಡ್ಡದನ್ನು ನೋಡಿ ಎಂದರೆ ಮೊದಲು ಬೆವರುವುದು ಬಜೆಟ್ ಬರೆಯುವವನೇ.

ಲೆಕ್ಕದ ಪುಸ್ತಕ:
ಅಭ್ಯಾಸಬಲ, ಭಾಗಿಸಿಬಿಟ್ಟೆ. 75 ಲಕ್ಷವನ್ನು 165ರಿಂದ ಭಾಗಿಸಿದರೆ ಕೇಸಿಗೆ ಸುಮಾರು 45,450 ರೂಪಾಯಿ. ಗುರಿ ಮುಟ್ಟದಿದ್ದರೆ ಇನ್ನೂ ಜಾಸ್ತಿ. ಲ್ಯಾಬಿನ ಖರ್ಚು ಇದರಲ್ಲಿಲ್ಲ. ಮೋಟಾರು ಕೇಸಿಗೆ ಮಾತ್ರ ಇಂಥ ಒಂದು ಅಂಕಿ ಸಿಗಲ್ಲ. ಕೋರ್ಟು, ಪೊಲೀಸು, ಜೈಲು, ಮೂರೂ ಪುಸ್ತಕ ಒಂದೇ ಮೇಜಿನ ಮೇಲೆ ಬೇಕು. ಆಡಿಟ್ಟಿನಲ್ಲಿ ನಮಗೆ ಕೊಡುವುದು ಒಂದು ಸಲಕ್ಕೆ ಒಂದೇ.

ಕ್ಲರ್ಕ್ ಸರ್, ಆ ಕೇಸು ಕೊನೆಗೆ ಏನಾಯಿತು?

ಹಳೇ ಬೆಂಚ್ ಕ್ಲರ್ಕ್:
ಹತ್ತನೇ ಸಲ ಬಂದಾಗ ತಪ್ಪೊಪ್ಪಿಕೊಂಡ. ಒಳಗೆ ಕಳೆದ ದಿನಗಳೇ ಶಿಕ್ಷೆ ಎಂದು ಬರೆದು ಬಿಟ್ಟು ಕಳಿಸಿದರು. ಹತ್ತು ನಿಮಿಷದ ಕೆಲಸ. ಮೋಟಾರು ತಗೊಂಡು ಹೋಗಲು ಯಾರೂ ಬರಲಿಲ್ಲ. ನಾನು ನಿವೃತ್ತನಾದ ದಿನವೂ ಜಪ್ತಿ ಮಾಡಿದ ವಸ್ತು ಇಡುವ ಮುದ್ದೆಮಾಲು ಕೋಣೆಯಲ್ಲೇ ಇತ್ತು.